ಹರಟೆಕಟ್ಟೆ ಯಜಮಾನನ ಮುಖ

ಗೆಳೆಯರೇ, ಹುಣಸೂರಿನ ನಮ್ಮ ಸೈಬರ್ ಕೆಫೆ ಶಿವಣ್ಣ ‘ಹರಟೆಕಟ್ಟೆ’ ಅಂತ ಸ್ನೇಹದ ವೆಬ್‌ಸೈಟ್ ತೆರೆದಿದ್ದಾನಲ್ಲ, ಅದಕ್ಕೆ ಜನ ಸೇರದಿದ್ದರೆ ಈ ತಿಂಗಳೇ ಮುಚ್ಚಬೇಕಂತೆ. ಇವತ್ತು ಹೊಗೆಸೊಪ್ಪಿನ ಹರಾಜು ಮುಗಿಸಿಕೊಂಡು ಜವರೇಗೌಡರು ಸದಸ್ಯರಾಗಲು ಕೆಫೆಗೇ ಬಂದರು. ಶಿವಣ್ಣ ತಲೆಯೆತ್ತದೆ ಗೋಡೆಯ ‘ಮಾತಾಡಬೇಡಿ’ ಬೋರ್ಡು ತೋರಿಸಿದ.

“ಬಂದೋರ್ನ ಊಟ ಆಯ್ತಾ ಅಂತ ಕೇಳಕಿಲ್ಲ! ಯಜಮಾನನೇ ಮುಖ ಗಂಟಾಕ್ಕಂಡಿದ್ರೆ ಕಟ್ಟೆ ಮ್ಯಾಲೆ ಯಾರ್ಲಾ ಕೂತ್ಕತಾರೆ? ನಾ ಸೇರಕಿಲ್ಲ ಬುಡು,” ಅಂತ ಗೌಡರು ಹೊರಟೇಬಿಟ್ಟರು.

ಶಿವಣ್ಣ ಎದ್ದವನೇ ಬೋರ್ಡು ಕಿತ್ತೆಸೆದ. “ಮುಚ್ಚೋ ಮಾತೇ ಇಲ್ಲ ಕಣೋ. ಇನ್ಮೇಲೆ ಎಲ್ಲರನ್ನೂ ನಾನೇ ಮಾತಾಡಿಸ್ತೀನಿ!” ಅಂತ ಅಲ್ಲೇ ಇದ್ದ ನನಗೆ ಅಂದ.

ಛಲ ಮೆಚ್ಚಿ ಅವನ ಪಕ್ಕದ ಕುರ್ಚಿಯಲ್ಲೇ ಕೂತೆ. ನನ್ನ ಮುಂದಿದ್ದ ಕಂಪ್ಯೂಟರಿನಲ್ಲಿ ಟಣ್ ಅಂತ ಅವನದೇ ಮೆಸೇಜು ಬಂತು: “ಊಟ ಆಯ್ತಾ?”

ಗೌಡರು ಆಮೇಲೆ ಸೇರಲಿ, ಮೊದಲು ಇವನ ಬಾಯಿಗೊಂದು ಖಾತೆ ತೆರೆಸಬೇಕು.