ಪುಟ್ಟತಾಯಮ್ಮ ನನ್ನನ್ನ ಮನೆಯಿಂದ ಹೊರಗೆ ಕಳಿಸಿದ್ದು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಅನಾಥಾಶ್ರಮದ ಆಫೀಸಿಗೆ ನನ್ನನ್ನ ಕರೆಸಿದರು. ಗಣಿತದಲ್ಲಿ ಫೇಲು.

ವಾರ್ಡನ್ ಮೇಡಂ ಬೈಯಲಿಲ್ಲ. ಅದಕ್ಕೇ ನನಗೆ ಭಯ ಆಗಿದ್ದು.

"ಒಂದು ಗಂಡು ನೋಡಿದ್ದೀವಿ ಕಣಮ್ಮ. ಹೆಂಡತಿ ತೀರಿಕೊಂಡಿದ್ದಾಳೆ, ಎರಡು ಮಕ್ಕಳಿವೆ. ಒಳ್ಳೇ ಮನುಷ್ಯ" ಅಂದರು, ಮೆತ್ತಗೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನೇಳು. ಅಪ್ಪ ಅಮ್ಮ ಇಬ್ಬರೂ ಒಂದೇ ವಾರದಲ್ಲಿ ಕಾಲರಾಕ್ಕೆ ಹೋದ ಮೇಲೆ, ಐದನೇ ವಯಸ್ಸಿಗೆ ನಜರ್‌ಬಾದಿನ ಆ ಆಶ್ರಮಕ್ಕೆ ಬಂದವಳು ನಾನು.

ಹದಿನೆಂಟು ತುಂಬಿದರೆ ಅಲ್ಲಿ ಇರೋ ಹಾಗಿರಲಿಲ್ಲ. ಹುಡುಗಿಯರಿಗೆ ಮದುವೆ, ಇಲ್ಲಾ ಯಾರದಾದರೂ ಮನೆಗೆಲಸ.

ಆಫೀಸಿನ ಬೆಂಚಿನ ಮೇಲೆ ಪುಟ್ಟತಾಯಮ್ಮನೂ ಕೂತಿದ್ದರು. ನನ್ನ ಓದಿನ ಖರ್ಚು ಹೊತ್ತಿದ್ದವರು ಅವರೇ.

ದೊಡ್ಡ ಸಾಹುಕಾರ್ತಿ ಅಂದ್ಕೋಬೇಡಿ. ನಾಲ್ಕು ಎಮ್ಮೆ ಕಟ್ಟಿಕೊಂಡು ಅಗ್ರಹಾರದ ಮನೆಗಳಿಗೆ ಹಾಲು ಹಾಕ್ತಿದ್ದ ವಿಧವೆ. ಅಕ್ಷರ ಬರ್ತಿರಲಿಲ್ಲ.

ಆಶ್ರಮಕ್ಕೂ ಹಾಲು ತರ್ತಾ ಇದ್ದೋರು, ಒಂದು ದಿನ ಅಂಗಳದಲ್ಲಿ ನನ್ನನ್ನ ನೋಡಿ "ಈ ಮಗೀನ್ ಓದು ನಂಗ್ ಬುಟ್ಬುಡಿ" ಅಂದರಂತೆ. ಯಾಕೆ ನನ್ನನ್ನೇ? ಎಷ್ಟು ಸಲ ಕೇಳಿದರೂ ಹೇಳಲಿಲ್ಲ. ಅಲ್ಲಿಂದ ಪ್ರತಿ ಜೂನ್‌ನಲ್ಲೂ ಪುಸ್ತಕ, ಲಂಗದ ಬಟ್ಟೆ ಹಿಡಿದು ಹಾಜರ್.

ಅಂಥವರ ಮುಂದೆ ಫೇಲಾಗಿ ನಿಂತಿದ್ದೀನಿ. ತಲೆ ಎತ್ತೋಕೆ ಆಗ್ತಿಲ್ಲ.

ಆದರೂ ಬಾಯಿಂದ ಮಾತು ಬಂತು. "ಮದುವೆ ಬೇಡ ಮೇಡಂ. ಇನ್ನೊಂದ್ ಸಲ ಪರೀಕ್ಷೆ ಬರೀತೀನಿ."

"ಮತ್ತೆ ಫೇಲಾದರೆ?"

"ಮತ್ತೆ ಬರೀತೀನಿ."

ಪುಟ್ಟತಾಯಮ್ಮ ಸೆರಗು ಕೊಡವಿ ಎದ್ದರು. "ಎಮ್ಮೆ ಒಂದ್ ಸಲ ಒದೀತು ಅಂತ ಹಾಲ್ ಕರೆಯೋದ್ ಬುಟ್ಟಾರಾ ಮೇಡಮ್ಮೋರೆ? ನಮ್ಮನೇಲ್ ಇರ್ಲಿ. ಓದ್ಕೊಳ್ಳಿ."

ಹಾಗೆ ಅವರ ಮನೆಗೆ ಹೋದೆ. ಒಂದೇ ಕೋಣೆ, ಪಕ್ಕದಲ್ಲೇ ಕೊಟ್ಟಿಗೆ.

ಮೂರನೇ ದಿನ ಸಗಣಿ ಬುಟ್ಟಿ ಎತ್ತಿಕೊಂಡೆ. ಓಡಿ ಬಂದು ಕಿತ್ತುಕೊಂಡರು. "ನಿನ್ನ ಕರ್ಕಂಡ್ ಬಂದಿರೋದು ಇದ್ಕಲ್ಲ. ಓಗು, ಲೆಕ್ಕ ಮಾಡು."

ಆದರೆ ಲೆಕ್ಕ ಹೇಳಿಕೊಡೋರು ಯಾರು?

ಅವರು ಹಾಲು ಹಾಕ್ತಿದ್ದ ಒಂದು ಮನೆಯ ಸೊಸೆ ಜಾನಕಮ್ಮ. ಕಾಲೇಜಲ್ಲಿ ಗಣಿತ ಓದಿ, ಮದುವೆಯಾಗಿ, ಅಡುಗೆಮನೆ ಸೇರಿದ್ದರು. ಅವರ ಹತ್ತಿರ ಪುಟ್ಟತಾಯಮ್ಮನೇ ಹೋಗಿ ಕೇಳಿದರು.

ದಿನಾ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಜಾನಕಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಆಲ್ಜಿಬ್ರಾ ಹೇಳಿಕೊಡೋರು. ನನಗಿಂತ ಅವರಿಗೇ ಖುಷಿ... ಒಂದು ಲೆಕ್ಕ ಬಿಡಿಸಿದರೆ ಮುಖ ಅರಳಿಬಿಡೋದು.

ಸೆಪ್ಟೆಂಬರ್‌ನಲ್ಲಿ ಬರೆದೆ. ಪಾಸಾದೆ. ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಬೇಕು ಅಂತ ಪೇಪರಿನಲ್ಲಿ ನೋಡಿ ಅರ್ಜಿ ಹಾಕಿದೆ. ಇಂಟರ್‌ವ್ಯೂ, ಟ್ರೈನಿಂಗ್... ಮುಂದಿನ ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇಡೀ ಊರಿನ ಮಾತು ಜೋಡಿಸ್ತಾ ಕೂತಿದ್ದೆ!

ಕೆಲಸ ಪರ್ಮನೆಂಟ್ ಆಯ್ತು ಅಂತ ಹೇಳೋಕೆ ಮನೆಗೆ ಓಡಿ ಬಂದೆ.

ಪುಟ್ಟತಾಯಮ್ಮ ಅಷ್ಟನ್ನೂ ಕೇಳಿ, "ಸರಿ, ಇನ್ ನಿಂದೇ ಒಂದ್ ರೂಮ್ ನೋಡ್ಕೋ. ಇಲ್ಲಿದ್ದಿದ್ ಸಾಕು" ಅಂದುಬಿಟ್ಟರು.

ನಾನೇನು ತಪ್ಪು ಮಾಡಿದೆ? ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಮೂರನೇ ದಿನ ಅವರೇ ತಟ್ಟೆ ತಂದು ಮುಂದೆ ಇಟ್ಟರು. "ಉಣ್ಣು. ಉಣ್ತಾ ಕೇಳು. ನಾಳೆ ನಾನ್ ಸತ್ರೆ ಈ ಮನೆ ನನ್ ಮೈದನ ಮಕ್ಕಳ್ದು. ಅವತ್ತು ಬೀದೀಲ್ ನಿಂತ್ಕಂಡು ಕಲಿಯೋದ್ ಬ್ಯಾಡ ಕಣವ್ವ. ನಾನ್ ಇರೋವಾಗ್ಲೇ ಒಬ್ಳೇ ಇರೋದ್ ಕಲ್ತ್ಕೋ. ಬಿದ್ರೆ ಎತ್ತಕ್ಕೆ ಇವ್ನಿ."

ತಟ್ಟೆ ಹತ್ತಿರ ಎಳ್ಕೊಂಡೆ. ಅರ್ಥ ಆಯ್ತು.

ಆ ಕಾಲದಲ್ಲಿ ಒಂಟಿ ಹುಡುಗಿಗೆ ರೂಮು ಕೊಡೋರು ಯಾರು? ಭಾನುವಾರ ಭಾನುವಾರ ಇಬ್ಬರೂ ಬೀದಿ ಬೀದಿ ಸುತ್ತಿದೆವು. ಪುಟ್ಟತಾಯಮ್ಮ ಜೊತೆಗೆ ಬರೋರು, ಬಾಯಿ ಮಾತ್ರ ಬಿಡ್ತಿರಲಿಲ್ಲ. "ನೀನೇ ಮಾತಾಡು" ಅಂತ ಹಿಂದೆ ನಿಂತುಬಿಡೋರು.

ತಂದೆ ಹೆಸರೇನು, ಯಾವ ಪೈಕಿ, ಮದುವೆ ಯಾವಾಗ... ಆರು ಮನೆಯವರು ಇಲ್ಲ ಅಂದರು.

ಏಳನೇದು ಅಗ್ರಹಾರದ ಒಂದು ಸಂದಿಯಲ್ಲಿ. ಮನೆಯೊಡತಿ ವಯಸ್ಸಾದವರು, ಮೇಲಿಂದ ಕೆಳಗೆ ನೋಡಿದರು. "ಅಪ್ಪ ಅಮ್ಮ ಯಾರೂ ಇಲ್ಲ ಅಂತೀಯಲ್ಲಮ್ಮ, ನಾಳೆ ಹೆಚ್ಚುಕಮ್ಮಿ ಆದರೆ ಜವಾಬ್ದಾರಿ ಯಾರದು?"

"ನಂದೇ" ಅಂದೆ.

ಅವರು ಬೀಗದ ಕೈ ತರೋಕೆ ಒಳಗೆ ಹೋದರು.

ರೂಮು ಅಂದರೆ... ಒಂದು ಚಾಪೆ, ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟವ್. ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ.

ಮಾರನೇ ದಿನ ಸಂಜೆ ಕಾಫಿಗೆ ನೀರಿಟ್ಟಿದ್ದೀನಿ. ಬಾಗಿಲು ತಟ್ಟೋ ಸದ್ದು.

ತೆಗೆದರೆ ಪುಟ್ಟತಾಯಮ್ಮ. ಕೈಯಲ್ಲಿ ಹಾಲಿನ ಚೊಂಬು. ಬಾಗಿಲು ತೆರೆದೇ ಇದೆ, ಆದರೂ ಹೊಸಿಲಾಚೆ ನಿಂತೇ ಇದ್ದಾರೆ.

"ಒಳಿಕ್ ಬರ್ಬೌದಾ?"

ಆಶ್ರಮದ ಸಾಲು ಹಾಸಿಗೆಗಳಲ್ಲಿ ಬೆಳೆದವಳು ನಾನು. ಅಲ್ಲೀವರೆಗೆ ಯಾರೂ ನನ್ನ ಅಪ್ಪಣೆ ಕೇಳಿ ಎಲ್ಲಿಗೂ ಬಂದಿರಲಿಲ್ಲ. ಚಾಪೆ ಕೊಡವಿ ಹಾಸಿ, ಮತ್ತೆ ಬಾಗಿಲಿಗೆ ಬಂದು "ಬನ್ನಿ" ಅಂದೆ.

ಎಂಬತ್ತು ದಾಟಿದೆ ನನಗೀಗ. ಪುಟ್ಟತಾಯಮ್ಮ ಹೋಗಿ ಎಷ್ಟೋ ಕಾಲವಾಯ್ತು. ಕೆಲಸ ಸಿಕ್ಕಾಗಿನಿಂದ ಒಬ್ಬಳಾದ ಮೇಲೆ ಒಬ್ಬಳು ಅಂತ, ತಂದೆ ತಾಯಿ ಇಲ್ಲದ ಹುಡುಗಿಯರ ಓದಿಗೆ ನಿಂತಿದ್ದೀನಿ.

ಈಗಿರೋ ಹುಡುಗಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದಾಳೆ. ಉದಯಗಿರಿಯಲ್ಲಿ ತನ್ನದೇ ಅಂತ ಒಂದು ಬಾಡಿಗೆ ರೂಮು ಹಿಡಿದು, ನಿನ್ನೆ ಅಡ್ರೆಸ್ ಕಳಿಸಿದಳು.

ನಾಳೆ ಹೋಗ್ತಿದ್ದೀನಿ... ಬಾಗಿಲು ತಟ್ಟಿ, ಅವಳು "ಬನ್ನಿ" ಅನ್ನೋವರೆಗೂ ಆಚೆಯೇ ನಿಂತಿರ್ತೀನಿ.