ಬಸವನಗುಡಿಯವರು ಹಿರಿಯಡ್ಕದಲ್ಲಿ ಇಳಿದದ್ದು

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಮದುವೆಯಾಗಿ ಏಳು ತಿಂಗಳಾಗಿತ್ತು. ಗಂಡ ಮಣಿಪಾಲದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಬನ್ನಂಜೆಯ ಒಂದು ಮನೆಯ ಮಾಳಿಗೆಯಲ್ಲಿ ನಾವು ಬಾಡಿಗೆಗಿದ್ದೆವು. ಕೆಳಗೆ ಮನೆಯೊಡತಿ. ನಮ್ಮ ಮೆಟ್ಟಿಲು ಅವರ ಜಗಲಿಯ ಮುಂದಿನಿಂದಲೇ ಹಾದುಹೋಗುತ್ತಿದ್ದುದರಿಂದ ನಮ್ಮ ಸಂಸಾರದ ವಿಷಯ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ನನ್ನ ತವರು ಹಿರಿಯಡ್ಕ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆದರೂ ಎರಡು ತಿಂಗಳಿಂದ ಹೋಗಿರಲಿಲ್ಲ. ತವರಿಗೆ ಹೋದರೆ ಭಾನುವಾರವೆಲ್ಲ ನೆಂಟರ ಎದುರು ಬೆನ್ನು ನೆಟ್ಟಗೆ ಮಾಡಿ ಕೂರಬೇಕು, ನಾವಿಬ್ಬರೇ ಆರಾಮವಾಗಿ ತಿರುಗಾಡುವುದು ಯಾವಾಗ ಎಂಬುದು ಇವರ ವಾದ. ಹಾಗಾಗಿ ಆ ವಾರ ಅಪ್ಪನಿಗೆ ಒಂದು ಕಾಗದ ಹೋಯಿತು: ಬ್ಯಾಂಕಿನಲ್ಲಿ ವಿಪರೀತ ಕೆಲಸ, ಇವರಿಗೆ ಭಾನುವಾರವೂ ಬಿಡುವಿಲ್ಲ, ಸದ್ಯ ಬರಲಾಗುವುದಿಲ್ಲ. ಹೇಳಿ ಬರೆಸಿದವರು ಇವರು, ಅಕ್ಷರ ಮಾತ್ರ ನನ್ನದು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಬಂದವರೇ ಮ್ಯಾಟಿನಿ ಸಿನೆಮಾಕ್ಕೆ ಹೊರಡಿಸಿದರು. ಪರದೆಯ ಮೇಲೆ ನಾಯಕ ನಾಯಕಿ ಯಾರ ಹಂಗೂ ಇಲ್ಲದೆ ಗುಡ್ಡ ಹತ್ತಿ ಇಳಿದು ಓಡಾಡುತ್ತಿದ್ದರು. ಅವರಿಗೆ ಮನೆಯೊಡತಿ ಇರಲಿಲ್ಲ. ನಮಗೆ ಇದ್ದರು, ಅದೂ ನಮ್ಮ ಹಿಂದಿನ ಸಾಲಿನಲ್ಲೇ. ಇಂಟರ್ವಲ್ಲಿನಲ್ಲಿ ದೀಪ ಹತ್ತಿದ ಕೂಡಲೇ ದನಿ ಕೇಳಿಸಿತು: "ಓಹೋ! ದೇವಸ್ಥಾನಕ್ಕೆ ಅಂತ ಹೊರಟವರು ಇಲ್ಲಿಯಾ?" ಉಳಿದ ಅರ್ಧ ಸಿನೆಮಾವನ್ನು ನಾವು ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಮುಗಿಸಿದೆವು.

ಅಲ್ಲಿಂದ ಮಸಾಲೆ ದೋಸೆಗೆ. ಹೋಟೆಲಿನ ಸಪ್ಲಾಯರ್ ಇವರ ಊರಿನವನೇ. ದೋಸೆ ಇಟ್ಟು, ಇವರ ತಂದೆಯ ಮಂಡಿನೋವಿನ ವಿಚಾರಣೆ ಮುಗಿಸಿ, ನನ್ನ ಕಡೆ ನೋಡಿ, "ವಿಶೇಷ ಎಂತ ಇಲ್ವಾ ಇನ್ನೂ?" ಎಂದ. ಇವರು ಕಾಫಿಯನ್ನೂ ಕುಡಿಯದೆ ಎದ್ದರು.

ದಾರಿಯಲ್ಲಿ ಇವರಿಗೆ ಜ್ಞಾನೋದಯವಾಯಿತು. "ಈ ಊರಿನಲ್ಲಿ ಸುಖವಾಗಿರಬೇಕಾದರೆ ಪರವೂರಿನವರಾಗಿರಬೇಕು. ನಾಳೆ ನಾವು ಬೆಂಗಳೂರಿನವರು."

"ಎಂತದು ಮಾರಾಯ್ರೆ?"

"ನೋಡು, ಅದೇ. ನಾಳೆ 'ಎಂತ' ಅಲ್ಲ, 'ಏನು'. ತುಳು ಮಾತಾಡಲೇ ಬಾರದು."

ಬ್ಯಾಂಕಿನ ಪರೀಕ್ಷೆಗೆಂದು ಒಮ್ಮೆ ಎರಡು ದಿನ ಬೆಂಗಳೂರಿಗೆ ಹೋಗಿಬಂದಿದ್ದು ಇವರ ಅರ್ಹತೆ. ನಾನು ಶಿರಾಡಿ ಘಾಟಿಯನ್ನೂ ಕಂಡವಳಲ್ಲ.

ಭಾನುವಾರ ಬೆಳಿಗ್ಗೆ ಕಾಪುವಿಗೆ ಹೊರಟೆವು. ಮಸ್ಕತ್ತಿನಲ್ಲಿದ್ದ ಅಣ್ಣ ಕಳಿಸಿದ ಕಪ್ಪು ಕನ್ನಡಕ ಇವರ ಮೂಗಿನ ಮೇಲೆ ಕುಳಿತಿತ್ತು. ಒಂದು ಗಂಟೆ ಎಲ್ಲವೂ ಅದ್ಭುತವಾಗಿತ್ತು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ದೀಪಸ್ತಂಭದ ಬಂಡೆಯ ಕೆಳಗೆ ಕೂತು, ಹುಟ್ಟಿದಾಗಿನಿಂದ ನೋಡಿದ ಸಮುದ್ರವನ್ನು ಇವರು "ಆಹಾ, ಎಷ್ಟು ನೀರು!" ಎಂದು ಹೊಗಳುತ್ತಿದ್ದಾಗ ನಡುವಯಸ್ಸಿನ ದಂಪತಿ ಹತ್ತಿರ ಬಂದರು.

"ಎಲ್ಲಿಂದ ಬಂದಿದೀರಾ?" ಎಂದರು ಆತ.

"ಬೆಂಗಳೂರು."

"ಅರೆ, ನಾವೂ ಅಲ್ಲಿಂದಾನೇ! ಬೆಂಗಳೂರಲ್ಲಿ ಎಲ್ಲಿ?"

"ಬಸವನಗುಡಿ."

"ನಮ್ಮದು ಪಕ್ಕದಲ್ಲೇ, ಚಾಮರಾಜಪೇಟೆ. ನಿಮ್ಮದು ಯಾವ ರೋಡು?"

ಇವರು ಸಮುದ್ರವನ್ನೊಮ್ಮೆ ನೋಡಿದರು. ಅದು ಸಹಾಯಕ್ಕೆ ಬರಲಿಲ್ಲ. "ಅದೇ... ದೊಡ್ಡ ರೋಡು. ಬದಿಯಲ್ಲಿ ಮರ ಉಂಟು," ಎಂದರು.

ಆತ ತಲೆಯಾಡಿಸಿದರು. ಆತನ ಹೆಂಡತಿ ಮಾತುಗಾರ್ತಿ. ಊರವರೇ ಸಿಕ್ಕಿದರಲ್ಲ ಎಂದು ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಮಧ್ಯಾಹ್ನ ಅವರು ಕಾರ್ಕಳದ ಗೊಮ್ಮಟನನ್ನು ನೋಡಲು ಹೋಗುವವರಿದ್ದರು. "ನೀವೂ ಬನ್ನಿ, ಗುರುತಿಲ್ಲದ ಊರಲ್ಲಿ ಜೊತೆಯಾಗತ್ತೆ," ಎಂದರು. ಇಲ್ಲವೆನ್ನಲು ಕಾರಣ ಹುಡುಕುವಷ್ಟರಲ್ಲಿ ಇವರ ಬಾಯಿಂದ "ಆಗಲಿ" ಬಂದುಬಿಟ್ಟಿತ್ತು. ಕಾರ್ಕಳದ ಬಸ್ಸು ಹಿರಿಯಡ್ಕದ ಮೇಲೆಯೇ ಹೋಗುತ್ತದೆ ಎಂಬುದು ಬಸವನಗುಡಿಯವರಿಗೆ ಹೇಗೆ ನೆನಪಾಗಬೇಕು?

ಉಡುಪಿಗೆ ಬಂದು ಊಟ ಮಾಡಿ ಬಸ್ಸು ಹತ್ತಿದೆವು. ಹಿರಿಯಡ್ಕ ಹತ್ತಿರವಾದಂತೆ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ. ಬಸ್ಸು ನಿಂತಿತು. ನಾಲ್ಕು ಜನ ಇಳಿದರು, ಒಬ್ಬರು ಹತ್ತಿದರು. ಬಿಳಿ ಪಂಚೆ, ಬಗಲಲ್ಲಿ ಕೊಡೆ. ಶಾಲೆಯಿಂದ ನಿವೃತ್ತರಾದ ಮೇಷ್ಟ್ರು, ನನ್ನ ಅಪ್ಪ. ಕಾರ್ಕಳದ ಗೆಳೆಯರೊಬ್ಬರನ್ನು ನೋಡಲು ಹೊರಟಿದ್ದರು. ಖಾಲಿಯಿದ್ದದ್ದು ನಮ್ಮ ಎದುರಿನ ಸೀಟು ಮಾತ್ರ.

ಅಪ್ಪ ಕೂತರು. ನನ್ನನ್ನು ನೋಡಿದರು. ಕಪ್ಪು ಕನ್ನಡಕವನ್ನೂ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಚಾಮರಾಜಪೇಟೆಯಾಕೆ ಕೇಳಿದರು, "ಯಜಮಾನ್ರೇ, ಕಾರ್ಕಳ ಇನ್ನೆಷ್ಟು ದೂರ? ನಾವು ನಾಲ್ಕೂ ಜನ ಬೆಂಗಳೂರಿನವರು, ಏನೂ ಗೊತ್ತಾಗಲ್ಲ."

"ನಾಲ್ಕೂ ಜನವಾ?" ಅಪ್ಪ ನಿಧಾನವಾಗಿ ಕೊಡೆಯನ್ನು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡರು. "ಸಂತೋಷ." ಆಮೇಲೆ ಇವರ ಕಡೆ ತಿರುಗಿ, "ಬೆಂಗಳೂರಿನಲ್ಲಿ ತಮಗೆ ಎಂತ ಕೆಲಸ?" ಎಂದರು.

"ಬ್ಯಾ... ಬ್ಯಾಂಕಿನಲ್ಲಿ."

"ಹೌದಾ! ಬ್ಯಾಂಕಿನವರಿಗೆ ಭಾನುವಾರ ರಜೆ ಉಂಟಾ ಮಾರಾಯ್ರೆ? ನನ್ನ ಅಳಿಯನೂ ಬ್ಯಾಂಕಿನಲ್ಲೇ. ಪಾಪ, ಅವನಿಗೆ ಭಾನುವಾರವೂ ಕೆಲಸ. ಮೊನ್ನೆಯಷ್ಟೇ ಮಗಳ ಕಾಗದ ಬಂತು."

"ಅಯ್ಯೋ, ರಜಾನೂ ಕೊಡಲ್ವಾ?" ಎಂದು ಆಕೆ ಮರುಗಿದರು.

"ಕೊಟ್ಟರೂ ತೆಗೆದುಕೊಳ್ಳಲಿಕ್ಕಿಲ್ಲ ಅವನು. ಬಹಳ ನಿಷ್ಠೆಯ ಹುಡುಗ."

ನಿಷ್ಠೆಯ ಹುಡುಗ ಕಿಟಕಿಯಿಂದ ಹೊರಗೆ ನೋಡತೊಡಗಿದರು. ಕುತ್ತಿಗೆಯ ಹಿಂಭಾಗ ಕೆಂಪಾಗಿದ್ದು ನನಗೆ ಕಾಣುತ್ತಿತ್ತು.

ಕಾರ್ಕಳದಲ್ಲಿ ಇಳಿದ ಮೇಲೆ, ಗೆಳೆಯ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅಪ್ಪನೇ ನಮ್ಮ ಮಾರ್ಗದರ್ಶಕರಾದರು. ಬೆಟ್ಟದ ಮೆಟ್ಟಿಲು ಹತ್ತುತ್ತಾ ಪ್ರತಿಯೊಂದನ್ನೂ ವಿವರಿಸಿದರು, ವಿಶೇಷವಾಗಿ ಇವರಿಗೆ. "ತಾವು ಹೊಸಬರು, ಗೊತ್ತಿರುವುದಿಲ್ಲ." ಆರನೇ ತರಗತಿಯ ಹುಡುಗನಿಗೆ ಕೇಳುವಂತೆ ನಡುನಡುವೆ ಪ್ರಶ್ನೆಯನ್ನೂ ಕೇಳಿದರು. ಇವರು ಎಲ್ಲದಕ್ಕೂ "ಹೌದು ಸಾರ್" ಎಂದರು.

ಮೇಲೆ ತಲುಪಿದಾಗ ನನಗೆ ಏದುಸಿರು. ಅಪ್ಪ ಹತ್ತಿರ ಬಂದರು. "ನಿಮಗೆ ನೀರು ಬೇಕಾ ಅಮ್ಮ?" ಎಂದರು. ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲೇ ಕರೆದವರು. ಅಲ್ಲಿಯವರೆಗೆ ಒಳಗೊಳಗೇ ಬರುತ್ತಿದ್ದ ನನ್ನ ನಗು ಆ ಬಹುವಚನಕ್ಕೆ ನಿಂತುಹೋಯಿತು. ಬೇಡವೆಂದು ತಲೆಯಾಡಿಸಿ ಬೇರೆ ಕಡೆ ತಿರುಗಿದೆ. ಅಪ್ಪನೂ ಬೇರೆ ಕಡೆ ತಿರುಗಿದರು.

ಹಿಂದಿರುಗುವಾಗ ಬಸ್ಸು ಹಿರಿಯಡ್ಕ ಮುಟ್ಟುತ್ತಲೇ ಅಪ್ಪ ಎದ್ದು ನಿಂತರು. "ನಮ್ಮ ಮನೆ ಇಲ್ಲೇ. ಕಾಫಿ ಕುಡಿದು ಮುಂದಿನ ಬಸ್ಸಿಗೆ ಹೋಗಿ. ಬೆಂಗಳೂರಿನವರು ನಮ್ಮಲ್ಲಿಗೆ ಬರುವುದೇ ಅಪರೂಪ."

"ಬೇಡ, ತಡವಾಗುತ್ತದೆ," ಎಂದರು ಇವರು. ಚಾಮರಾಜಪೇಟೆಯವರು ಆಗಲೇ ಇಳಿದು ರಸ್ತೆಯಲ್ಲಿದ್ದರು.

ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಅಮ್ಮ ನನ್ನನ್ನು ಕಂಡು ಬಟ್ಟೆಯ ಸಮೇತ ಓಡಿಬಂದರು. "ದಾನೆ ಮಗಾ, ಏಪ ಬತ್ತಿನಿ?" ಏನು ಮಗಳೇ, ಯಾವಾಗ ಬಂದದ್ದು ಎಂದು ಕೆನ್ನೆ ಸವರಿದರು.

"ಇವರು ನಿಮಗೆ ಗೊತ್ತಾ?" ಚಾಮರಾಜಪೇಟೆಯಾಕೆ ಕಣ್ಣರಳಿಸಿದರು.

"ಗೊತ್ತಾ ಅಂದ್ರೆ ಎಂತ? ನನ್ನ ಮಗಳಲ್ವಾ!"

ಅಪ್ಪ ತೊಟ್ಟಿಯ ಬಳಿ ಬಹಳ ಶ್ರದ್ಧೆಯಿಂದ ಕಾಲು ತೊಳೆಯುತ್ತಿದ್ದರು. ಇವರು ಕಪ್ಪು ಕನ್ನಡಕ ತೆಗೆದರು, ಏನು ಮಾಡುವುದೆಂದು ತೋಚದೆ ಮತ್ತೆ ಹಾಕಿಕೊಂಡರು. ಆಗ ಆಕೆಯ ಗಂಡ ಜೋರಾಗಿ ನಕ್ಕುಬಿಟ್ಟರು.

"ನನಗೆ ಕಾಪುವಿನಲ್ಲೇ ಗೊತ್ತಾಯ್ತು ಸ್ವಾಮಿ. ಬಸವನಗುಡಿಯಲ್ಲಿ ಮರ ಇರತ್ತೆ. 'ಉಂಟು' ಆಗಲ್ಲ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?" ಎಂದು ಆತನ ಹೆಂಡತಿ ಅವರ ಮೇಲೆ ತಿರುಗಿಬಿದ್ದರು. ಅವರು ಕಾಫಿ ಕುಡಿದು ಬಸ್ಸು ಹತ್ತುವವರೆಗೂ ಆ ಜಗಳ ಮುಗಿಯಲಿಲ್ಲ. ನಮ್ಮ ಮರ್ಯಾದೆಯ ಕಡೆ ಹೆಚ್ಚು ಗಮನ ಹೋಗದಿದ್ದುದು ಅದರಿಂದಲೇ.

ಅವರು ಹೋದ ಮೇಲೆ ಇವರು ಅಪ್ಪನ ಎದುರು ಹೋಗಿ ನಿಂತರು. "ಕಾಗದ ನಾನೇ ಬರೆಸಿದ್ದು. ಅವಳದ್ದು ತಪ್ಪಿಲ್ಲ." ಆ ಎರಡು ದಿನಗಳಲ್ಲಿ ಇವರು ಆಡಿದ ಒಂದೇ ಒಂದು ನೇರ ಮಾತು ಅದು. ನಿಜ ಹೇಳಬೇಕೆಂದರೆ, ನಾನು ಇವರನ್ನು ಮೆಚ್ಚಿಕೊಂಡದ್ದೂ ಆ ಮಾತಿನಿಂದಲೇ, ಸಮುದ್ರದಿಂದಲ್ಲ.

"ಸುಳ್ಳಾದರೂ ಕಾಗುಣಿತ ಸರಿ ಇತ್ತು," ಎಂದರು ಅಪ್ಪ. "ಊಟ ಮಾಡಿ ಮಲಗಿ. ನಾಳೆ ಮಣಿಪಾಲಕ್ಕೆ ಮೊದಲ ಬಸ್ಸು ಆರೂವರೆಗೆ."

ಸೋಮವಾರ ಇವರು ಮುದುರಿದ ಶರಟಿನಲ್ಲೇ ನೇರ ಕೆಲಸಕ್ಕೆ ಹೋದರು. ನಾನು ಗುರುವಾರದವರೆಗೆ ಉಳಿದೆ. ಅಮ್ಮ ಏನನ್ನೂ ಕೇಳಲಿಲ್ಲ. ತಲೆಗೆ ಎಣ್ಣೆ ಹಚ್ಚುತ್ತಾ, "ಕೂದಲು ತೆಳ್ಳಗಾಗಿದೆ, ಅಲ್ಲಿಯ ಬಾವಿನೀರು ಒಗ್ಗುವುದಿಲ್ಲ," ಎಂದಷ್ಟೇ ಹೇಳಿದರು. ಗುರುವಾರ ಕರೆದುಕೊಂಡು ಹೋಗಲು ಬಂದ ಇವರು ನೆಂಟರ ಎದುರು ಬೆನ್ನು ನೆಟ್ಟಗೆ ಮಾಡಿಕೊಂಡೇ ಹನ್ನೊಂದು ನೀರುದೋಸೆ ತಿಂದರು.