ಬಿಸಿ ತಾಕದ ಕೈ

ನನ್ನ ಕೈಗೆ ಬಿಸಿ ತಾಕುವುದಿಲ್ಲ ಎಂದು ಎರಡು ವರ್ಷ ಜಂಬ ಕೊಚ್ಚಿಕೊಂಡೆ. ಅದು ಕಾಯಿಲೆ ಎಂದು ಗೊತ್ತಿರಲಿಲ್ಲ.

ಶಿಡ್ಲಘಟ್ಟದಲ್ಲಿ ಮನೆ ಹಿಂದೆಯೇ ನಮ್ಮದು ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ. ಬೇಯಿಸಿದ ಗೂಡುಗಳನ್ನು ಬಿಸಿನೀರಿನ ಬೇಸಿನ್‌ಗೆ ಹಾಕಿ, ಬೆರಳಲ್ಲೇ ಎಳೆ ಹುಡುಕಬೇಕು. ನೀರಿನ ಹದ ನೋಡುವುದು ನನ್ನ ಕೈ. ಥರ್ಮಾಮೀಟರ್ ಇತ್ತು, ಮೊಳೆಗೆ ನೇತುಹಾಕಿದ್ದೆವು. ಮೂವತ್ತು ವರ್ಷ ಪಳಗಿದ ಕೈ ಇರುವಾಗ ಅದೇಕೆ? ಮೊದಮೊದಲು ಬೆರಳ ತುದಿ ಜುಮ್ಮೆನ್ನುತ್ತಿತ್ತು. ಆಮೇಲೆ ಅದೂ ನಿಂತಿತು. ಕೈ ಗಟ್ಟಿಯಾಯಿತು ಅಂದುಕೊಂಡೆ.

ದಿಬ್ಬೂರಹಳ್ಳಿಯಿಂದ ಸೊಸೆಯಾಗಿ ಬಂದ ನಾಗವೇಣಿ ಬಿ.ಕಾಂ. ಓದಿದವಳು. ಕೆಲಸ ಕಲಿಯುತ್ತೇನೆಂದು ತಾನೇ ಬೇಸಿನ್ ಮುಂದೆ ಕೂತಳು. ಬೆರಳು ಅದ್ದಿದವಳೇ ಹಿಂದಕ್ಕೆ ಎಳೆದುಕೊಂಡಳು.

"ಅತ್ತೆ, ತುಂಬಾ ಸುಡ್ತೈತೆ."

ನನ್ನ ಬೆರಳು ಮುಳುಗಿಸಿ ತೋರಿಸಿದೆ. "ಎಲ್ಲಮ್ಮ ಬಿಸಿ? ಪೆನ್ನು ಹಿಡಿದ ಕೈಗೆ ಎಲ್ಲಾ ಬಿಸೀನೇ. ಹಾಕು."

ಅವಳು ಹಾಕಿದಳು.

ಅವಳ ಬಲಗೈ ಬೆರಳುಗಳ ಚರ್ಮ ಸುಲಿದುಹೋಯಿತು. ಸಂಜೆ ನೋಡಿಕೊಂಡರೆ ನನ್ನ ಬೆರಳಲ್ಲೂ ಬೊಬ್ಬೆ. ನೋವೇ ಇರಲಿಲ್ಲ. ಅದಕ್ಕೇ ಅವಳ ನರಳಾಟವನ್ನು ನಾಟಕ ಎಂದುಕೊಂಡೆ, ನನ್ನ ಬೊಬ್ಬೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಹತ್ತು ದಿನದ ನಂತರ ಅವಳ ಬ್ಯಾಂಡೇಜ್ ಬದಲಿಸಲು ಇಬ್ಬರೂ ಚಿಕ್ಕಬಳ್ಳಾಪುರಕ್ಕೆ ಹೋದೆವು. ಬಸ್ಸಿಳಿದು ನಡೆಯುವಾಗ ಅವಳು ಹಿಂದಿನಿಂದ ಕೂಗಿದಳು.

"ಅತ್ತೆ, ಚಪ್ಪಲಿ ಅಲ್ಲೇ ಬಿಟ್ಟು ಬಂದಿದೀರ."

ಒಂದು ಕಾಲಲ್ಲಿ ಚಪ್ಪಲಿಯಿಲ್ಲದೆ ಜಲ್ಲಿಯ ಮೇಲೆ ನಡೆದಿದ್ದೆ. ತಿಳಿದೇ ಇರಲಿಲ್ಲ. ಅವಳೇ ನನ್ನನ್ನೂ ಡಾಕ್ಟರ್ ಮುಂದೆ ಕೂರಿಸಿದಳು.

"ಕಣ್ಮುಚ್ಚಿ. ಹತ್ತಿ ತಾಕಿದಾಗ ಹೇಳಿ," ಎಂದರು ಡಾಕ್ಟರ್. ನಾನು ಕಾಯುತ್ತಲೇ ಇದ್ದೆ. ಅಷ್ಟರಲ್ಲಿ ಅವರು ನಾಲ್ಕು ಸಲ ಮುಟ್ಟಿದ್ದರಂತೆ.

ರಕ್ತವನ್ನೂ ಪರೀಕ್ಷೆ ಮಾಡಿಸಿ ಕಾಯಿಲೆಯ ಹೆಸರು ಹೇಳಿದರು: ಪೆರಿಫೆರಲ್ ನ್ಯೂರೋಪತಿ, ಕೈಕಾಲಿನ ನರ ಕೆಡುವ ರೋಗ.

"ಬೆರಳು ಸುಟ್ಟ ಸುದ್ದೀನ ನರ ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ ತಲುಪಿಸ್ಬೇಕಮ್ಮ. ಆಗಲೇ ನೋವು ಗೊತ್ತಾಗೋದು. ನರದ ಮೇಲೆ ಮಯಲಿನ್ ಅಂತ ಒಂದು ಹೊದಿಕೆ ಇರ್ತದೆ. ಅದು ಚೆನ್ನಾಗಿರೋಕೆ ಬಿ-ಟ್ವೆಲ್ವ್ ಬೇಕು. ನಿಮ್ಗೆ ಅದು ತೀರಾ ಕಮ್ಮಿ, ಶುಗರ್ ಬೇರೆ ಜಾಸ್ತಿ."

ಶುಗರ್ ಮಾತ್ರೆಯನ್ನು ವರ್ಷಗಟ್ಟಲೆ ಒಂದು ಪರೀಕ್ಷೆಯೂ ಇಲ್ಲದೆ ನುಂಗಿದವಳು ನಾನು. ಆ ಮಾತ್ರೆಯಿಂದಲೂ ಬಿ-ಟ್ವೆಲ್ವ್ ಇಳಿಯುತ್ತದಂತೆ. ಹೊದಿಕೆ ಎಂದಾಗ ರೇಷ್ಮೆ ಎಳೆಯ ಮೇಲಿನ ಅಂಟು ನೆನಪಾಯಿತು. ಬಿಸಿನೀರಲ್ಲಿ ಅದು ಮೆತ್ತಗಾಗುವುದನ್ನು ದಿನಾ ನೋಡುತ್ತಿದ್ದೆ, ನನ್ನೊಳಗಿನದನ್ನು ನೋಡಲಿಲ್ಲ.

ನಾಗವೇಣಿ ಪಕ್ಕದಲ್ಲೇ ಕೂತು ಮಾತ್ರೆಗಳ ಹೊತ್ತನ್ನು ಎಡಗೈಯಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳ ಮುಖ ನೋಡಲಾಗದೆ ನಾಚಿಕೆಯಿಂದ ಕುಗ್ಗಿಹೋದೆ. ಗೊತ್ತಿಲ್ಲದೆ ಆಯಿತು ಎನ್ನಬಹುದು. ಆದರೆ ಅವಳು ಬಾಯಿಬಿಟ್ಟು ಹೇಳಿದ್ದಳು. ನರ ಕೆಟ್ಟಿದ್ದು ಬೆರಳಿನದು, ಕಿವಿಯದಲ್ಲ.

ಇಂಜೆಕ್ಷನ್ ಶುರುವಾಯಿತು. ಥರ್ಮಾಮೀಟರ್ ಮೊಳೆಯಿಂದ ಇಳಿಯಿತು. ಪೂರ್ತಿ ವಾಸಿಯಾಗುತ್ತದೆ ಎಂದು ಡಾಕ್ಟರ್ ಹೇಳಿಲ್ಲ. ಕ್ಷಮೆ ಕೇಳಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ಅತ್ತೆತನ ಬಾಯಿ ಕಟ್ಟುತ್ತಿತ್ತು.

ನಾಲ್ಕನೇ ತಿಂಗಳು. ಅವಳು ಕೊಟ್ಟ ಕಾಫಿ ಲೋಟ ಹಿಡಿದವಳು ತಟ್ಟನೆ ಕೆಳಗಿಟ್ಟೆ. ಬೆರಳು ಚುರುಗುಟ್ಟುತ್ತಿತ್ತು. ಕಣ್ಣಲ್ಲಿ ನೀರು ಬಂತು.

"ವೇಣಿ, ಸುಡ್ತು ಕಣೇ. ಅವತ್ತು ನಿಂಗೆ... ನಂದೇ ತಪ್ಪಮ್ಮ."

ಅವಳು ನಾನಿಟ್ಟ ಲೋಟವನ್ನು ಎತ್ತಿಕೊಂಡಳು.

"ನಂಗೂ ಹಿಂಗೇ ಸುಟ್ಟಿತ್ತು ಅತ್ತೆ," ಎಂದಳು. ಆಮೇಲೆ ಕಲೆ ಉಳಿದ ಆ ಕೈಯಲ್ಲೇ ಇನ್ನೊಂದು ಲೋಟ ತಂದು, ಕಾಫಿಯನ್ನು ಆರಿಸಿ ಕೊಟ್ಟಳು.